ತಾಗದ ತ್ರಿಕೋನ

ಮಾರ್ಚ್ 3, ಸೋಮವಾರ

ಇವತ್ತು ಅಂಗಡಿಗೆ ಬಂದವರು ಹನ್ನೊಂದು ಜನ. ಅದರಲ್ಲಿ ಒಂಬತ್ತು ಜನ ಬಾಗಿಲಲ್ಲೇ ನಿಂತು, ನನ್ನನ್ನು ನೋಡಿ, ನನ್ನ ಹಿಂದಿನ ಗೋಡೆಯನ್ನು ನೋಡಿ, "ಯಾರೂ ಇಲ್ವಾ?" ಎಂದರು. ನಾನು ಇದ್ದೆ. ಕನ್ನಡಕ, ನೀಲಿ ಅಂಗಿ, ಸಾಹಿತ್ಯದಲ್ಲಿ ಎಂ.ಎ., ಇಷ್ಟೆಲ್ಲ ಕುರ್ಚಿಯ ಮೇಲೆ ಕೂತಿತ್ತು. ಆದರೂ ಯಾರೂ ಇಲ್ಲ. "ಇದ್ದೀನಲ್ಲ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ: ನಾನು ಇದ್ದೆ.

ಮಾಮನ ಎರಡು ಕಣ್ಣಿಗೂ ಪೊರೆ ಬಂದಿದೆ. ಮೂವತ್ತೈದು ವರ್ಷ ಗಡಿಯಾರಗಳ ಹೊಟ್ಟೆಯೊಳಗೆ ಇಣುಕಿದ ಕಣ್ಣು. ಒಂದಾದ ಮೇಲೆ ಒಂದರಂತೆ ಆಪರೇಷನ್, ಒಟ್ಟು ಆರು ವಾರ. ಅಲ್ಲಿಯವರೆಗೆ ಬಾಗಿಲು ಹಾಕಿದರೆ ಗಿರಾಕಿಗಳು ಹೋದವರು ಹೋಗಿಯೇಬಿಡುತ್ತಾರೆ ಎಂದು ಅಮ್ಮ ತನ್ನ ತಮ್ಮನಿಗೆ ನನ್ನನ್ನು ಎತ್ತಿ ಕೊಟ್ಟಳು. "ಹೇಗೂ ಮನೇಲಿ ಕೂತಿದ್ದಾಳೆ." ಕೂತಿದ್ದೆ, ನಿಜ. ನಾಲ್ಕು ಕಾಲೇಜುಗಳ ಸಂದರ್ಶನದಲ್ಲಿ ನನ್ನ ಬಾಯಿ ಕಟ್ಟಿತು. ಕೊನೆಯದರಲ್ಲಿ ಹೆಸರು ಕೇಳಿದಾಗಲೂ ಸ್ವಲ್ಪ ಹೊತ್ತು ಯೋಚಿಸಿದೆ. ಹಾಗಂತ ನನ್ನನ್ನು ಮನೆಯ ಹೆಚ್ಚುವರಿ ಸ್ಟೂಲಿನ ಹಾಗೆ ಎತ್ತಿ ಎಲ್ಲಿ ಬೇಕೆಂದರಲ್ಲಿ ಇಡಬಹುದೇ?

ಅಂಗಡಿ ಎಂಟು ಅಡಿ ಅಗಲ. ಎಡಕ್ಕೆ ಬೀಗದ ಕೈ ಮಾಡುವವನು, ಬಲಕ್ಕೆ ಜೆರಾಕ್ಸ್. ಗೋಡೆಯ ಮೇಲೆ ಹದಿನಾಲ್ಕು ಗಡಿಯಾರ, ಹದಿನಾಲ್ಕು ಸಮಯ.

ಮಾರ್ಚ್ 6, ಗುರುವಾರ

ರಿಪೇರಿ ಅಂಗಡಿ ಎಂದುಕೊಂಡಿದ್ದೆ. ಅಲ್ಲ. ಮಾಮನ ನಿಜವಾದ ವ್ಯಾಪಾರ ಇವತ್ತು ಗೊತ್ತಾಯಿತು.

ಹಿಂದೆ ಒಂದು ಕಂಪನಿ ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರಿಗಾಗಿ ಕೈಗಡಿಯಾರ ಮಾಡುತ್ತಿತ್ತಂತೆ. ಕಪ್ಪು ಡಯಲ್, ದಪ್ಪ ಮುಳ್ಳು, ಹನ್ನೆರಡರ ಜಾಗದಲ್ಲಿ ಅಂಕಿಯ ಬದಲು ಒಂದು ಬಿಳಿ ತ್ರಿಕೋನ. ಕಂಪನಿ ಮುಚ್ಚಿ ನಲವತ್ತು ವರ್ಷವಾಗಿದೆ. ಅಸಲಿ ಸಿಗುವುದು ಅಪರೂಪ. ಈಗ ಎಲ್ಲೋ ದೂರದ ಕಾರ್ಖಾನೆಯೊಂದು ಅದರ ನಕಲು ಮಾಡಿ ಕಳಿಸುತ್ತದೆ. ಆದರೆ ಆ ನಕಲು ಸಾಲದು. ಗಾಜು ಚಪ್ಪಟೆ, ಚಿಕ್ಕ ಮುಳ್ಳು ಉದ್ದ, ಕೀ ಕೊಡುವ ತಿರುಪು ಸಣ್ಣದು. ಅದಕ್ಕೇ ನಕಲು ಕೊಂಡ ಗಂಡಸರು ಮಾಮನ ಹತ್ತಿರ ಬರುತ್ತಾರೆ. ಮಾಮ ಬೇರೆ ಬೇರೆ ಕಡೆಯಿಂದ ಉಬ್ಬುಗಾಜು, ಸರಿಯಾದ ಅಳತೆಯ ಮುಳ್ಳು, ಹೊಸದಾಗಿ ಅಚ್ಚು ಹಾಕಿಸಿದ ಡಯಲ್ ತರಿಸಿ ಜೋಡಿಸುತ್ತಾನೆ. ಒಳಗಿನ ಯಂತ್ರ ಮಾತ್ರ ಹಾಗೇ. ಅಂದರೆ ಸುಳ್ಳನ್ನು ಇನ್ನಷ್ಟು ಸತ್ಯದಂತೆ ಕಾಣಿಸುವುದು ಕೆಲಸ.

ಒಂದು ಕಣ್ಣಿಗೆ ಬಿಳಿ ಪಟ್ಟಿ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಮಾಮನನ್ನು ಕೇಳಿಯೇಬಿಟ್ಟೆ (ಮಾಮನ ಹತ್ತಿರ ನನಗೆ ಬಾಯಿ ಇದೆ): "ಇದು ಮೋಸ ಅಲ್ವಾ?"

"ಯಾರಿಗೆ ಮೋಸ? ಕೊಳ್ಳೋನಿಗೆ ನಕಲು ಅಂತ ಗೊತ್ತು. ಮಾಡೋನಿಗೆ ಗೊತ್ತು."

"ಮತ್ಯಾಕೆ ಇಷ್ಟು ಒದ್ದಾಟ?"

"ನಕಲು ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು ಪುಟ್ಟಿ. ನೀನು ಪರೀಕ್ಷೇಲಿ ಮಾಡಿಲ್ವಾ?"

ಮಾಡಿಲ್ಲ! ಒಮ್ಮೆಯೂ ಮಾಡಿಲ್ಲ. ಅದನ್ನು ಹೇಳಿದರೆ ನಗುತ್ತಾನೆ. ಕೂದಲೆಳೆಯಷ್ಟು ಗಿಡ್ಡದಾದ ಒಂದು ಮುಳ್ಳಿಗಾಗಿ ನಾಲ್ಕು ತಿಂಗಳು ಕಾಯುವ ಒಬ್ಬ ಬ್ಯಾಂಕ್ ಮ್ಯಾನೇಜರು ಇವತ್ತು ಬಂದಿದ್ದರು. ತಮ್ಮ ಮಗಳ ಓದಿನ ವರ್ಷ ಕೇಳಿದರೆ ತಡವರಿಸಿದರು. ತ್ರಿಕೋನದ ಅಳತೆ ಮಾತ್ರ ಬಾಯಿಪಾಠ.

ಮಾರ್ಚ್ 11, ಮಂಗಳವಾರ

ಮಾಮನಿಗೆ ಕಾಣುವುದಿಲ್ಲ, ಗಿರಾಕಿಗಳು ಬಿಡುವುದಿಲ್ಲ, ಹಾಗಾಗಿ ಚಿಮಟ ನನ್ನ ಕೈಗೆ ಬಂತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೂ. ಮಾಮ ಮೂಲೆಯಿಂದ ಹೇಳುತ್ತಾನೆ, ನಾನು ಮಾಡುತ್ತೇನೆ. ಮೊದಲ ದಿನ ಸೆಕೆಂಡಿನ ಮುಳ್ಳು ಹಾರಿ ಹೋಯಿತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಒಬ್ಬನಿಗೆ ಕಣ್ಣಿಲ್ಲ, ಒಬ್ಬಳಿಗೆ ಅನುಭವವಿಲ್ಲ. ಸಿಕ್ಕಿದ್ದು ನನ್ನ ಅಂಗಿಯ ಜೇಬಿನಲ್ಲಿ.

"ಉಸಿರು ಬಿಡ್ಬೇಡ."

"ಎಷ್ಟೊತ್ತು?"

"ಮುಳ್ಳು ಕೂರೋವರೆಗೆ. ಆಮೇಲೆ ಬದುಕ್ಕೋ."

ನಾಲ್ಕನೆಯದು ಒಂದೇ ಸಲಕ್ಕೆ ಕೂತಿತು. ಮಾಮ ಬೆರಳಿನಿಂದ ಮುಟ್ಟಿ ನೋಡಿ "ಹೂಂ" ಎಂದ. ಎಂ.ಎ. ಫಲಿತಾಂಶ ಬಂದ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತಿದೆ.

ಮಾರ್ಚ್ 14, ಶುಕ್ರವಾರ

ಪ್ರೊಫೆಸರ್ ಬಂದಿದ್ದರು. ಯಾವ ಕಾಲೇಜಿನಲ್ಲೂ ಪಾಠ ಮಾಡಿದವರಲ್ಲ. ಹಳೆಯ ಗಡಿಯಾರಗಳನ್ನು ಕೊಂಡು ಮಾರುವವರು. ಅಸಲಿ ಯಾವುದು, ನಕಲು ಯಾವುದು ಎಂದು ತೋರಿಸುವ ದಪ್ಪ ಕೈಪಿಡಿಯೊಂದನ್ನು ಬರೆದಿದ್ದಾರೆ, ಅದಕ್ಕೇ ಆ ಹೆಸರು. ಆ ಕೈಪಿಡಿ ಈ ಕಸುಬಿನವರೆಲ್ಲರ ಮೇಜಿನ ಮೇಲೂ ಇದೆ. ಡಯಲ್ ಅಚ್ಚು ಹಾಕುವವರು ಅದರ ನೂರ ಹದಿನೆಂಟನೇ ಪುಟವನ್ನು ಎದುರಿಗಿಟ್ಟುಕೊಂಡೇ ಅಚ್ಚು ಹಾಕುತ್ತಾರೆ. ನಾನೂ ಒಂದು ವಾರದಿಂದ ಅದನ್ನೇ ನೋಡುತ್ತಿದ್ದೇನೆ. ಮುಳುಗುಗಾರರ ಗಡಿಯಾರದ ಇಡೀ ಪುಟದ ಫೋಟೋ. ತ್ರಿಕೋನದ ತುದಿ ಹೊರಗಿನ ನಿಮಿಷದ ಗೆರೆಯನ್ನು ತಾಗುತ್ತದೆ, ಕೆಳಗೆ ದಪ್ಪ ಅಕ್ಷರದಲ್ಲಿ: "ತಾಗಿದರೆ ಅಸಲಿ. ತಾಗದಿದ್ದರೆ ಕೈ ತೊಳೆದುಕೊಳ್ಳಿ." ಪೆಟ್ಟಿಗೆಯಲ್ಲಿ ಬರುವ ಅಗ್ಗದ ನಕಲುಗಳಲ್ಲಿ ತಾಗುವುದಿಲ್ಲ. ನಾವು ಡಯಲ್ ಬದಲಿಸಿ ತಾಗಿಸುತ್ತೇವೆ.

ನಾನು ಮುಗಿಸಿದ್ದ ಗಡಿಯಾರವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. "ಭಲೇ, ಸಾಹಿತ್ಯ! ಕಣ್ಣಿದೆ ನಿಂಗೆ. ಐದನೇ ಮುದ್ರಣ ಬರ್ತಿದೆ, ನನ್ನ ಭಾಷೆ ಒರಟು. ನೀನು ತಿದ್ದಿಕೊಡು. ಒಳಪುಟದಲ್ಲಿ ಹೆಸರು ಹಾಕ್ತೀನಿ."

ನನ್ನ ಹೆಸರು. ಅಚ್ಚಿನಲ್ಲಿ. ಹೂಂ ಎನ್ನಲೂ ಆಗದೆ ತಲೆಯಾಡಿಸಿದೆ.

ಎಡಗಡೆಯ ಬೀಗದವನು ಇವತ್ತೂ "ಅಂಗಡೀಲಿ ಯಾರೂ ಇಲ್ವಾ" ಎಂದ. ಅವನಿಗೆ ನಾನು ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತೇನೆ!

ಮಾರ್ಚ್ 20, ಗುರುವಾರ

ಮಾಮನ ಎರಡನೇ ಕಣ್ಣಿನ ಆಪರೇಷನ್. ಅಮ್ಮನೂ ಜೊತೆಗೆ ಹೋಗಿದ್ದಾಳೆ. ಅಂಗಡಿಯಲ್ಲಿ ನಾನೊಬ್ಬಳೇ. ಇವತ್ತು ನಾನು ಮಾತಾಡಿದೆ. ಅದನ್ನು ಪೂರ್ತಿ ಬರೆದಿಡಬೇಕು.

ಹನ್ನೊಂದಕ್ಕೆ ಒಬ್ಬರು ಹಿರಿಯ ಹೆಂಗಸು ಬಂದರು. ಎಪ್ಪತ್ತರ ಹತ್ತಿರ, ನೆಟ್ಟಗಿನ ಬೆನ್ನು, ಒತ್ತಿ ಕತ್ತರಿಸಿದ ಉಗುರು. "ಯಾರೂ ಇಲ್ವಾ" ಎನ್ನಲಿಲ್ಲ. ನನ್ನೆದುರು ಕೂತು, "ಏನಮ್ಮ, ನೀನೇನಾ ಇಲ್ಲಿ ಡಾಕ್ಟ್ರು?" ಎಂದರು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದರಂತೆ. "ಎಲ್ರೂ ಸಿಸ್ಟರ್ ಅಂತಾರೆ. ಹಾಲಿನವನೂ ಸಿಸ್ಟರ್ ಅಂತಾನೆ. ನೀನೂ ಹಾಗೇ ಕರಿ."

ಕರವಸ್ತ್ರ ಬಿಚ್ಚಿದರು. ಒಳಗೆ ಮುಳುಗುಗಾರರ ಗಡಿಯಾರ, ನಿಂತುಹೋದದ್ದು.

"ನಮ್ಮಣ್ಣಂದು. ಬಂದರಲ್ಲಿ ಮುಳುಗೋ ಕೆಲಸ ಮಾಡ್ತಿದ್ದ. ಮಗುಚಿದ ದೋಣಿ ಒಳಗಿಂದ ಇಬ್ಬರನ್ನ ಎಳ್ಕೊಂಡು ಬಂದ ಅಂತ ಬಂದರಿನವರು ಕೊಟ್ಟಿದ್ದು. ನಮ್ಮತ್ತಿಗೆ ಮಾತ್ರ, ಅದನ್ನ ಮಾರಿ ಕುಡಿದ, ನನ್ನ ಕಣ್ಣಿಗೆ ಮಣ್ಣೆರಚೋಕೆ ನಕಲಿ ಕಟ್ಕೊಂಡು ಬಂದ ಅಂತಾಳೆ. ಕುಡೀತಿದ್ದ, ಅದೇನು ಸುಳ್ಳಲ್ಲ. ಆದ್ರೆ ಇದನ್ನ ಮಾರಿಲ್ಲ. ನನ್ನ ಕೈ ಹಿಡಿದು ಹೇಳಿದ್ದ, ಮಾರಿಲ್ಲ ಕಣೇ ಅಂತ. ಅವನು ಸತ್ತ ದಿನ ಅವಳು ಇದನ್ನ ನನ್ನ ಕಾಲ ಹತ್ರ ಎಸೆದಳು. ಇಪ್ಪತ್ತೆಂಟು ವರ್ಷ ಆಯ್ತು, ಅವಳ ಮನೆ ಮೆಟ್ಟಿಲು ಹತ್ತಿಲ್ಲ. ಎರಡೇ ಬೀದಿ ಆಚೆ ಇದ್ದಾಳೆ. ತರಕಾರಿ ಅಂಗಡೀಲಿ ಸಿಕ್ಕಿದ್ರೆ ನಾನು ಈರುಳ್ಳಿ ಕಡೆ, ಅವಳು ಟೊಮೇಟೊ ಕಡೆ."

ನನಗೆ ನಗು ಬಂತು, ಅವರೂ ನಕ್ಕರು. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದೆ. ತ್ರಿಕೋನದ ತುದಿ ನಿಮಿಷದ ಗೆರೆಯನ್ನು ತಾಗಿರಲಿಲ್ಲ. ನಡುವೆ ಕೂದಲೆಳೆಯಷ್ಟು ಕಪ್ಪು. ಗಾಜು ಚಪ್ಪಟೆ. ಡಯಲಿಗಿಂತ ಗಾಜು ಎಷ್ಟೋ ಹೊಸದು. ತುದಿಯೂ ಗಾಜೂ ನಮ್ಮ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಮಾಲಿನ ಹಾಗೆಯೇ. ಹಿಂಬದಿಯ ಮುಚ್ಚಳ ತೆಗೆಯಲಿಲ್ಲ. ತಾನಿಲ್ಲದಾಗ ಬೇರೆಯವರ ಗಡಿಯಾರ ತೆರೆಯಬಾರದು ಎಂದು ಮಾಮನ ಕಟ್ಟಪ್ಪಣೆ. ತೆರೆಯುವ ಅಗತ್ಯವೂ ಇರಲಿಲ್ಲ.

ಕೈಪಿಡಿ ತೆಗೆದು ನೂರ ಹದಿನೆಂಟನೇ ಪುಟ ಅವರ ಮುಂದಿಟ್ಟೆ. ನನ್ನ ಬಾಯಿಂದ ಮಾತು ನಲ್ಲಿ ಬಿಟ್ಟ ಹಾಗೆ ಬಂತು. ತ್ರಿಕೋನ ತೋರಿಸಿದೆ, ಗಾಜು ತೋರಿಸಿದೆ. "ಇದು ನಕಲು, ಸಿಸ್ಟರ್."

ಅವರು ಪುಟವನ್ನು ನೋಡಿದರು, ಗಡಿಯಾರವನ್ನು ನೋಡಿದರು. "ಖಚಿತನಾ?"

"ಖಚಿತ."

ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿದರು, ಗಾಯಕ್ಕೆ ಬಟ್ಟೆ ಕಟ್ಟುವ ಹಾಗೆ. ಎದ್ದು ಹೋದರು. ನಾನು ಅಷ್ಟು ಹೊತ್ತು ವಿವರಿಸಿದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ! ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು. ಬರುವಾಗ ಹಿಡಿದಿರಲಿಲ್ಲ.

ಇರಲಿ. ತಡವರಿಸದೆ ಮಾತಾಡಿದೆ. ಸಂದರ್ಶನ ಮಾಡಿದವರೆಲ್ಲ ಬಂದು ನೋಡಬೇಕಿತ್ತು.

ಮಾರ್ಚ್ 24, ಸೋಮವಾರ

ಕೈಪಿಡಿ ತಿದ್ದುತ್ತಿದ್ದೇನೆ. "ಕೈ ತೊಳೆದುಕೊಳ್ಳಿ" ಎನ್ನುವುದನ್ನು "ಎಚ್ಚರವಹಿಸಿ" ಎಂದು ಮಾಡಿದೆ. ಆಮೇಲೆ ಮೊದಲಿನದೇ ಚೆನ್ನಾಗಿದೆ ಅನ್ನಿಸಿ ಬಿಟ್ಟೆ.

ಮಾರ್ಚ್ 31, ಸೋಮವಾರ

ಮಾಮ ಅಂಗಡಿಗೆ ಬಂದ. ಎರಡು ಕಣ್ಣೂ ತೆರೆದಿವೆ. ಹತ್ತು ನಿಮಿಷ ಬರೀ ಗೋಡೆಯ ಬಣ್ಣ ನೋಡಿದ. "ಇದು ಇಷ್ಟು ಗಲೀಜಾಗಿತ್ತಾ?" ಆಮೇಲೆ ನಾನು ಮಾಡಿದ ಕೆಲಸವೆಲ್ಲ ನೋಡಿದ, ಖುಷಿಪಟ್ಟ. ನಾನು ಹುರುಪಿನಲ್ಲಿ ಸಿಸ್ಟರ್ ಕಥೆ ಹೇಳಿದೆ.

"ತ್ರಿಕೋನ ತಾಗಿರಲಿಲ್ಲ?"

"ಇಲ್ಲ. ಕೂದಲೆಳೆ ಅಂತರ. ಗಾಜು ಚಪ್ಪಟೆ."

"ಡಯಲ್ ಬಣ್ಣ?"

"ಕಪ್ಪೇ. ಅಂಚಲ್ಲಿ ಸ್ವಲ್ಪ ಕಂದು ತಿರುಗಿತ್ತು. ಅದನ್ನೂ ಬೇಕಂತಲೇ ಹಳೇದು ಮಾಡಿರ್ತಾರೆ."

ಮಾಮ ಚಹಾದ ಲೋಟ ಕೆಳಗಿಟ್ಟ. "ಹಾಗೆ ಕಂದು ತಿರುಗೋದು ಕಂಪನಿ ಡಯಲ್ ಮಾತ್ರ ಪುಟ್ಟಿ." ಮೇಜಿನ ಅಡಿಯ ಡ್ರಾಯರ್ ಎಳೆದು ಸಣ್ಣ ಡಬ್ಬಿ ತೆಗೆದ. ಒಳಗೆ ಹಳೆಯ ಎರಡು ಡಯಲ್. ಎರಡರಲ್ಲೂ ತ್ರಿಕೋನ ಗೆರೆಯನ್ನು ತಾಗಿತ್ತು.

"ಹದಿಮೂರು ವರ್ಷದ ಹಿಂದೆ ಅಚ್ಚು ಹಾಕಿಸಿದ್ದು," ಎಂದ. "ಅಚ್ಚಿನವನು ಡಯಲ್ ಒತ್ತೋ ಪಟ್ಟಿ ಒಂಚೂರು ಜರುಗಿ, ತುದಿ ಗೆರೆಗೆ ತಾಗ್ಬಿಡ್ತು. ಅಸಲೀಲಿ ತಾಗಲ್ಲ. ಯಾರು ನೋಡ್ತಾರೆ ಅಂತ ಹಾಗೇ ಹಾಕ್ದೆ. ಪ್ರೊಫೆಸರ್ ಒಂದು ಮಾಡಿಸ್ಕೊಂಡು ಹೋದ, ನಕಲು ಅಂತಲೇ. ಮುಂದಿನ ವರ್ಷ ಅವನ ಪುಸ್ತಕ ಬಂತು."

ನಾನು ಕೈಪಿಡಿ ತೆರೆದೆ. ನೂರ ಹದಿನೆಂಟು. ತ್ರಿಕೋನದ ಬಲಮೂಲೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ. ಡಬ್ಬಿಯಲ್ಲಿದ್ದ ಎರಡರಲ್ಲೂ ಅದೇ ಚುಕ್ಕೆ. ಒಂದು ತಿಂಗಳಿಂದ ನಾನು ಅಸಲಿ ಎಂದು ಕಣ್ಣು ಕೀಲಿಸಿ ನೋಡುತ್ತಿದ್ದದ್ದು ಮಾಮನ ನಕಲನ್ನು.

"ನಿಂಗೆ ಗೊತ್ತಿತ್ತಾ?"

"ಪುಸ್ತಕ ನೋಡಿದ ದಿನವೇ ಗೊತ್ತಾಯ್ತು."

"ಹನ್ನೆರಡು ವರ್ಷ ಸುಮ್ನಿದ್ದೆಯಾ?"

"ಅವನು ಅಸಲಿ ಅಂದ. ನಾನು ಅಲ್ಲ ಅನ್ಲಿಲ್ಲ, ಅಷ್ಟೇ." ಆಮೇಲೆ, ಗೋಡೆ ನೋಡುತ್ತಾ: "ಸ್ವಲ್ಪ ಖುಷಿಯೂ ಆಗಿತ್ತು ಪುಟ್ಟಿ. ನನ್ನ ಕೆಲಸ ಅಷ್ಟು ಚೆನ್ನಾಗಿದೆ ಅಂತ."

ಏಪ್ರಿಲ್ 1, ಮಂಗಳವಾರ

ಖುಷಿಯಂತೆ!

ಹನ್ನೆರಡು ವರ್ಷದಿಂದ ಇಡೀ ಕಸುಬು ಒಂದು ಜರುಗಿದ ಪಟ್ಟಿಯನ್ನು ಪೂಜಿಸಿಕೊಂಡು ಬಂದಿದೆ. ಅಗ್ಗದ ಕಾರ್ಖಾನೆಯವರು ಪಾಪ ಅಸಲಿಯನ್ನೇ ನೋಡಿ ಮಾಡಿದ್ದರು, ಅವರ ತ್ರಿಕೋನ ಸರಿಯಾಗಿಯೇ ಇತ್ತು. ನಾವು ಸರಿ ಇದ್ದದ್ದನ್ನು ಕಿತ್ತು, ಗಿರಾಕಿಯನ್ನು ತಿಂಗಳುಗಟ್ಟಲೆ ಕಾಯಿಸಿ, ತಪ್ಪನ್ನು ಕೂರಿಸುತ್ತಿದ್ದೆವು. ಅದಕ್ಕೆ "ಹೆಚ್ಚು ನಿಖರ" ಎಂದು ಹೆಸರು. ಗಿರಾಕಿಗೆ ಕೊಡುವ ಚೀಟಿಯ ಮೇಲೆ ಹಾಗೆಂದು ಬರೆದದ್ದು ನಾನೇ, ಎಂಟು ಗಡಿಯಾರಕ್ಕೆ.

ಪ್ರೊಫೆಸರ್ ಮೋಸಗಾರ. ಮಾಮ ಹೇಡಿ. ಬ್ಯಾಂಕ್ ಮ್ಯಾನೇಜರ್ ಮೂರ್ಖ. ಅಚ್ಚಿನವನು ಕುರುಡ.

ಇಷ್ಟು ಬರೆದು ಓದಿದೆ. ಪಟ್ಟಿಯಲ್ಲಿ ಒಬ್ಬರು ಕಮ್ಮಿ ಇದ್ದಾರೆ. "ಖಚಿತ" ಎಂದದ್ದು ಇವರು ಯಾರೂ ಅಲ್ಲ.

ಏಪ್ರಿಲ್ 4, ಶುಕ್ರವಾರ

ಪ್ರೊಫೆಸರ್ ಬಂದರು, ತಿದ್ದಿದ ಪುಟಗಳಿಗೆ. ಮಾಮ ಒಳಗೆ ಏನೋ ಹುಡುಕುವ ನೆಪದಲ್ಲಿ ಬಗ್ಗಿಕೊಂಡ. ನಾನು ಡಬ್ಬಿ ತೆಗೆದು ಅವರ ಮುಂದಿಟ್ಟೆ. ಅವರಿಗೆ ಏನೂ ಹೇಳಬೇಕಾಗಿರಲಿಲ್ಲ.

"ಓಹೋ," ಎಂದು ಕುರ್ಚಿ ಎಳೆದು ಕೂತರು. "ನಿಮ್ಮ ಮಾಮ ಎಲ್ಲ ಎತ್ತಿಟ್ಟಿದ್ದಾನೆ. ನೋಡು ಸಾಹಿತ್ಯ, ನನಗೆ ಆಗ ಅಸಲಿ ಸಿಗಲಿಲ್ಲ. ಪುಸ್ತಕ ಅಚ್ಚಿಗೆ ಹೋಗ್ಬೇಕಿತ್ತು. ಇದಿತ್ತು, ಹಾಕ್ದೆ."

"ಅಸಲಿ ಅಂತ ಬರೆದಿದ್ದೀರಿ."

"ಚಿತ್ರದ ಕೆಳಗೆ ಏನಾದ್ರೂ ಬರೀಬೇಕಲ್ಲ?"

"ಒಬ್ಬರು ಬಂದಿದ್ರು. ಅವರದ್ದು ಅಸಲಿ. ನಾನು ನಿಮ್ಮ ಪುಟ ತೋರಿಸಿ ನಕಲು ಅಂದೆ. ಅವರಣ್ಣ ಸುಳ್ಳುಗಾರ ಅಂತ ಆಯ್ತು."

"ತೆರೆದು ನೋಡದೆ ಅಂದೆಯಾ?" ನಕ್ಕರು. "ಹಂಗಾದ್ರೆ ಅದು ನಿನ್ನ ತಪ್ಪು, ನನ್ನದಲ್ಲ. ನಾನು ಪುಸ್ತಕ ಬರೆದೆ. ತೀರ್ಪು ಕೊಡು ಅಂತ ಹೇಳಿದ್ನಾ?"

ಕೋಪದಿಂದ ಕಿವಿ ಬಿಸಿಯಾಯಿತು. ಅಷ್ಟು ಕೋಪ ಯಾಕೆಂದರೆ, ಆ ಮನುಷ್ಯ ಹೇಳಿದ್ದರಲ್ಲಿ ಅದೊಂದೇ ನಿಜ.

"ಐದನೇ ಮುದ್ರಣದಲ್ಲಿ ಸರಿ ಮಾಡಿ," ಎಂದೆ.

"ನಾಲ್ಕು ಮುದ್ರಣ ಓದಿದವರಿಗೆ ಏನು ಹೇಳ್ಲಿ? ಅಚ್ಚಿನವರು, ಗಿರಾಕಿಗಳು, ಎಲ್ರೂ ಈಗ ತಾಗಿರೋದನ್ನೇ ಕೇಳ್ತಾರೆ. ಇನ್ನು ಅದೇ ಸರಿ. ಮಗು, ನೀನು ಒಳ್ಳೇ ಹುಡುಗಿ. ಒಳಪುಟ ಬೇಡ, ಹೊದಿಕೆ ಮೇಲೇ ನಿನ್ನ ಹೆಸರು ಹಾಕ್ತೀನಿ. ನನ್ನ ಹೆಸರಿನ ಕೆಳಗೆ."

ಪುಟಗಳ ಕಟ್ಟು ನನ್ನ ಮಡಿಲಲ್ಲಿತ್ತು. ನೂರ ಹದಿನೆಂಟನೇ ಪುಟ ತೆಗೆದು "ಅಸಲಿ" ಎನ್ನುವುದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಕಟ್ಟನ್ನು ಅವರ ಕೈಗೆ ಕೊಟ್ಟೆ. "ಇದೊಂದೇ ನಿಜವಾದ ತಿದ್ದುಪಡಿ. ಇದನ್ನ ಉಳಿಸಿಕೊಂಡ್ರೆ ಹೆಸರು ಹಾಕಿ. ಇಲ್ಲಾಂದ್ರೆ ಎಲ್ಲೂ ಬೇಡ."

ಅವರು ಹೋದ ಮೇಲೆ ಮಾಮ ಒಳಗಿಂದ ಬಂದು, "ಅವನು ಇನ್ನು ಈ ಕಡೆ ತಲೆ ಹಾಕಲ್ಲ" ಎಂದ. ದುಃಖವೋ ನೆಮ್ಮದಿಯೋ ಗೊತ್ತಾಗಲಿಲ್ಲ. ಕೇಳುವ ವ್ಯವಧಾನವೂ ನನಗಿರಲಿಲ್ಲ.

ಏಪ್ರಿಲ್ 9, ಬುಧವಾರ

ಸಿಸ್ಟರ್ ಎಲ್ಲಿರುತ್ತಾರೆ ಗೊತ್ತಿಲ್ಲ. ರಿಪೇರಿಗೆ ತೆಗೆದುಕೊಂಡಿದ್ದರೆ ಚೀಟಿ ಬರೆಯುತ್ತಿದ್ದೆ. ತೆಗೆದುಕೊಳ್ಳಲಿಲ್ಲವಲ್ಲ, ನಕಲು ಎಂದು ವಾಪಸು ಕಳಿಸಿದೆ. ಹೆಸರೂ ಕೇಳಲಿಲ್ಲ.

ದೊಡ್ಡಾಸ್ಪತ್ರೆಗೆ ಹೋದೆ. ಮೊದಲ ಕೌಂಟರಿನಲ್ಲಿ "ಹಿಂದೆ ಹೋಗಿ" ಎಂದರು. ಎರಡನೆಯದರಲ್ಲಿ "ರೋಗಿ ಹೆಸರು?" ಎಂದರು. ರೋಗಿಯಿಲ್ಲ ಎಂದೆ. "ಹಾಗಾದ್ರೆ ಯಾಕೆ ಬಂದ್ರಿ?" ನನ್ನ ಹಿಂದೆ ಇಪ್ಪತ್ತು ಜನ. ಜೋರಾಗಿ ಹೇಳಿದೆ, ಸಾಲಿನವರೆಲ್ಲ ತಿರುಗಿ ನೋಡುವಷ್ಟು: "ಮಕ್ಕಳ ವಾರ್ಡಲ್ಲಿ ಮೂವತ್ತೆರಡು ವರ್ಷ ಇದ್ದ ಸಿಸ್ಟರ್ ಒಬ್ರಿಗೆ ನಾನು ಅನ್ಯಾಯ ಮಾಡಿದ್ದೀನಿ. ಅವರ ಮನೆ ಎಲ್ಲಿ ಅಂತ ಹೇಳೋವರೆಗೂ ನಾನು ಇಲ್ಲಿಂದ ಕದಲಲ್ಲ." ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ, "ನೆಟ್ಟಗೆ ನಡೀತಾರಲ್ಲ, ಅವರಾ? ನನಗೆ ಸೂಜಿ ಹಾಕಿದ್ದಾರೆ, ಆರು ವರ್ಷದವನಿದ್ದಾಗ" ಎಂದು ಬೀದಿ ಹೇಳಿದ.

ಜನರಿಗೆ ಕಿರುಚಿದರೆ ಮಾತ್ರ ಕೇಳಿಸುತ್ತದೆ. ಎಂಥ ಊರು!

ಏಪ್ರಿಲ್ 13, ಭಾನುವಾರ

ಮಾಮ ತಾನೂ ಬರುತ್ತೇನೆ ಎಂದ. ಬೇಡ ಎಂದೆ. ಆದರೂ ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದ.

ಬಾಗಿಲು ತೆಗೆದವರು ಬೇರೆ ಯಾರೋ, ದುಂಡಗಿನ ಬಿಳಿಗೂದಲಿನ ಹೆಂಗಸು. ಕೈಯಲ್ಲಿ ಹುರುಳಿಕಾಯಿ, ಚಾಕು. ಒಳಗೆ ಮೇಜಿನ ಬಳಿ ಸಿಸ್ಟರ್ ಕೂತಿದ್ದರು. ಅವರ ಮುಂದೆಯೂ ಹುರುಳಿಕಾಯಿಯ ರಾಶಿ.

"ಬಂದ್ಲು ನೋಡು ಡಾಕ್ಟ್ರು," ಎಂದರು ಸಿಸ್ಟರ್. ಆ ಇನ್ನೊಬ್ಬರಿಗೆ ಹೇಳಿದರು: "ಅತ್ತಿಗೆ, ಇವಳೇ. ನಿಮ್ಮ ಮಾತು ನಿಜ ಅಂತ ನನಗೆ ತೋರಿಸಿಕೊಟ್ಟವಳು."

ಅಂಗಡಿಯಿಂದ ಹೋದ ದಿನವೇ ಸಿಸ್ಟರ್ ಎರಡು ಬೀದಿ ದಾಟಿ, ಇಪ್ಪತ್ತೆಂಟು ವರ್ಷ ಹತ್ತದ ಮೆಟ್ಟಿಲು ಹತ್ತಿ, "ನೀವೇ ಸರಿ, ಅವನು ನಮ್ಮಿಬ್ಬರಿಗೂ ಸುಳ್ಳು ಹೇಳಿದ" ಎಂದು ಅತ್ತಿದ್ದರಂತೆ. ಅವತ್ತಿನಿಂದ ಇಬ್ಬರೂ ದಿನಾ ಒಟ್ಟಿಗೆ ಊಟ ಮಾಡುತ್ತಾರೆ.

"ಇಲ್ಲೀವರೆಗೂ ಯಾಕೆ ಬಂದ್ರಿ? ಕೂತ್ಕೊಳ್ಳಿ," ಎಂದರು ಅತ್ತಿಗೆ. ಅವರ ಮುಖದಲ್ಲಿ ನೆಮ್ಮದಿ ಇತ್ತು. ಆ ನೆಮ್ಮದಿಯನ್ನು ಕೊಟ್ಟದ್ದೂ ನನ್ನ ತಪ್ಪೇ. ಒಂದು ಕ್ಷಣ, ಸುಮ್ಮನೆ ಚಹಾ ಕುಡಿದು ಹೋಗಿಬಿಡೋಣ ಅನ್ನಿಸಿತು. ಮಾಮ ನನ್ನ ಮುಖ ನೋಡಿದ. ಅವನ ಮುಖದಲ್ಲೂ ಅದೇ ಇತ್ತು. ಹನ್ನೆರಡು ವರ್ಷ ಅವನು ಹೀಗೇ ಸುಮ್ಮನಿದ್ದದ್ದು ಎಂದು ಹೊಳೆದು ಮೈಯೆಲ್ಲ ಉರಿಯಿತು.

"ಗಡಿಯಾರ ಅಸಲಿ," ಎಂದೆ. "ನಾನು ತಪ್ಪು ಹೇಳಿದೆ. ಅದನ್ನ ತನ್ನಿ, ತೋರಿಸ್ತೀವಿ."

ಅತ್ತಿಗೆ ಅಡುಗೆಮನೆಯಿಂದ ಒಂದು ತಗಡಿನ ಡಬ್ಬಿ ತಂದರು. ಗುಂಡಿ, ಪಿನ್ನು, ರಬ್ಬರ್ ಬ್ಯಾಂಡುಗಳ ನಡುವೆ ಗಡಿಯಾರ ಬಿದ್ದಿತ್ತು. ಮಾಮ ಹುರುಳಿಕಾಯಿ ಸರಿಸಿ, ಬಿಳಿ ಬಟ್ಟೆ ಹಾಸಿ, ಹಿಂಬದಿಯ ಮುಚ್ಚಳ ತಿರುಗಿಸಿದ. ಒಳಗೆ ಆ ಮುಚ್ಚಿಹೋದ ಕಂಪನಿಯ ಮುದ್ರೆ, ಅದರ ಕೆಳಗೆ ಕೊರೆದ ಅಂಕಿ. ನಾನು ಇಬ್ಬರಿಗೂ ವಿವರಿಸಿದೆ: ನಕಲುಗಳಲ್ಲಿ ಬೇರೆ ಯಂತ್ರ ಇರುತ್ತದೆ, ಈ ಯಂತ್ರವನ್ನು ಆ ಕಂಪನಿಯವರು ಬೇರೆ ಯಾರಿಗೂ ಮಾರಿದವರಲ್ಲ. ಪುಸ್ತಕದ ಫೋಟೋದಲ್ಲಿರುವುದು ಯಾರು ಮಾಡಿದ ನಕಲು ಎಂದೂ ಹೇಳಿದೆ. ಮಾಮ ತಲೆ ತಗ್ಗಿಸಿಯೇ ಇದ್ದ.

"ಗಾಜು?" ಎಂದರು ಅತ್ತಿಗೆ. ಧ್ವನಿ ಬದಲಾಗಿತ್ತು. "ಗಾಜು ಹೊಸದಲ್ವಾ? ವರ್ಷಗಟ್ಟಲೆ ಗೀರು ಬಿದ್ದಿದ್ದ ಗಾಜು. ಒಂದಿನ ಬಂದ್ರು, ಫಳಫಳ ಅಂತಿತ್ತು. ಅವತ್ತೇ ನಾನು ಅಂದದ್ದು, ಮಾರಿದ್ದೀರಿ ಅಂತ."

ಮಾಮ ಬಾಯಿಬಿಟ್ಟ, ಅಲ್ಲಿ ಮೊದಲ ಸಲ: "ಗಾಜು ಮಾತ್ರ ಬದಲಾಯಿಸಿದ್ದಾರಮ್ಮ. ಕಂಪನಿ ಗಾಜು ಆಗಲೇ ಸಿಗ್ತಿರಲಿಲ್ಲ. ಚಪ್ಪಟೇದೇ ಹಾಕ್ತಿದ್ವಿ."

ಅತ್ತಿಗೆ ಕುರ್ಚಿಯ ಮೇಲೆ ಕೂತರು. "ಹೇಳಿದ್ರು. ಗಾಜು ಹಾಕಿಸಿದೆ ಕಣೇ, ಚೆನ್ನಾಗಿದೆಯಾ ಅಂತ ಕೈ ಚಾಚಿದ್ರು. ನಾನು ನೋಡ್ಲಿಲ್ಲ."

ಸಿಸ್ಟರ್ ನನ್ನ ಕಡೆ ತಿರುಗಿದರು. ಅಷ್ಟು ಸಿಟ್ಟನ್ನು ನಾನು ಯಾರ ಮುಖದಲ್ಲೂ ನೋಡಿಲ್ಲ. "ನಾನು ಅವನ ಫೋಟೋ ಕೆಳಗಿಳಿಸಿ ಮಂಚದ ಕೆಳಗೆ ಹಾಕಿದ್ದೀನಿ, ಗೊತ್ತಾ? ನಿನ್ನ ಒಂದು ಮಾತಿಗೆ. ಬರೆದು ಕೊಡು. ಏನು ಹೇಳಿದೆ, ಏನು ತಪ್ಪು, ಎಲ್ಲ."

ನನ್ನ ಬ್ಯಾಗಿನ ಹಾಳೆಯಲ್ಲೇ ಬರೆದೆ. ಅವರು ಹೆಗಲ ಹಿಂದೆ ನಿಂತು ಓದಿದರು. "‘ತಪ್ಪು ತಿಳುವಳಿಕೆ ಉಂಟಾಯಿತು’ ಅಂತೆಲ್ಲ ಬೇಡ. ತಾನೇ ಉಂಟಾಯ್ತಾ? ‘ನಾನು ತಪ್ಪು ಹೇಳಿದೆ’ ಅಂತ ಬರಿ." ಹೊಡೆದು ಹಾಕಿ ಬರೆದೆ. ಕೆಳಗೆ ಹೆಸರು ಹಾಕಿದೆ. ಮಾಮ ಕೇಳದೆಯೇ ಪೆನ್ನು ತೆಗೆದುಕೊಂಡು ತನ್ನ ಹೆಸರೂ ಬರೆದ, ಪಕ್ಕದಲ್ಲಿ "ಹನ್ನೆರಡು ವರ್ಷ" ಎಂದು.

ಅತ್ತಿಗೆ ಹಾಳೆ ಎಳೆದುಕೊಂಡರು. ತುಂಬ ಹೊತ್ತು ಓದಿದರು. ಆಮೇಲೆ ನನ್ನ ಹೆಸರಿನ ಕೆಳಗೆ, ದಪ್ಪ ದಪ್ಪ ಅಕ್ಷರದಲ್ಲಿ: "ನಾನೂ ತಪ್ಪು ಹೇಳಿದೆ. ಮೂವತ್ತು ವರ್ಷ." ಸಹಿ ಮಾಡಿ ಪೆನ್ನನ್ನು ನಾದಿನಿಯ ಕಡೆ ಚಾಚಿದರು.

"ನಾನ್ಯಾಕೆ?" ಎಂದರು ಸಿಸ್ಟರ್. "ನಾನೇನು ಹೇಳಿದೆ? ಅವನ ಪರವಾಗಿ ಒಬ್ಬಳೇ ನಿಂತವಳು ನಾನು."

"ನಾನು ಹೆಂಡತಿ ಕಣೇ. ಕುಡಿತ ಕಂಡು ಕಂಡು, ಸಿಟ್ಟಿಗೆ ಅಂದೆ. ನೀನು ಒಡಹುಟ್ಟಿದವಳು. ಅಷ್ಟು ವರ್ಷ ನಿಂತು, ಯಾವಳೋ ಹುಡುಗಿ ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು ಹೇಳಿದ್ಲು ಅಂತ ಒಂದು ಗಳಿಗೇಲಿ ಕೈಬಿಟ್ಟೆ. ಯಾರದ್ದು ಹೆಚ್ಚು ಅಂತ ನಾನು ಹೇಳಲ್ಲ. ಬರಿ."

ಸಿಸ್ಟರ್ ಅಲುಗಾಡಲಿಲ್ಲ. ಅತ್ತಿಗೆಯ ಕೈಯೂ ಕೆಳಗಿಳಿಯಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಮೇಜಿನ ಮೇಲೆ ಮಾಮ ಕೀ ಕೊಟ್ಟಿದ್ದ ಗಡಿಯಾರ ಓಡಲು ಶುರುವಾಗಿತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ.

ಕೊನೆಗೆ ಸಿಸ್ಟರ್ ಪೆನ್ನು ತೆಗೆದುಕೊಂಡರು. "ಎಷ್ಟು ದಿನ ಅಂತಲೂ ಬರೀಬೇಕಾ?"

"ನಾವಿಬ್ರೂ ಬರೆದಿದ್ದೀವಿ."

ಅವರು ನನ್ನ ಕಡೆ ನೋಡದೆ ನನ್ನನ್ನೇ ಕೇಳಿದರು. ಅವರು ಅಂಗಡಿಗೆ ಬಂದ ದಿನದಿಂದ ಎಣಿಸಿ ಹೇಳಿದೆ: ಇಪ್ಪತ್ತನಾಲ್ಕು. ಬರೆದರು.